ಮೊಳೆಗೆ ಚುಚ್ಚಿದ ಗುರುವಾರ

ಹೊಸದುರ್ಗದ ಉಳುಮೆ ಸಹಕಾರ ಸಂಘದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಗೋಡೆಯ ಮೊಳೆಯಿಂದಲೇ ಆರಂಭಿಸತಕ್ಕದ್ದು. ಎರಡೂವರೆ ಅಂಗುಲದ ಆ ಮೊಳೆಯ ಮುಂದೆ ಅಧ್ಯಕ್ಷರ ಕುರ್ಚಿಯೂ ಲೆಕ್ಕಕ್ಕಿರಲಿಲ್ಲ. ಸಂಘಕ್ಕೆ ಇದ್ದದ್ದು ಒಂದೇ ಟ್ರಾಕ್ಟರು. ಅದು ಯಾವ ದಿನ ಯಾರ ಹೊಲಕ್ಕೆ ಎಂಬ ಸರದಿ ಹಾಳೆ ತೂಗುತ್ತಿದ್ದದ್ದು ಆ ಮೊಳೆಗೆ. ಮೊಳೆಗೆ ಚುಚ್ಚಿದ್ದೇ ಸರದಿ, ಬಾಯಿಮಾತಿಗೆ ಕಿಮ್ಮತ್ತಿಲ್ಲ.

ಹಾಳೆಗೊಂದು ಮಡಿಯೂ ಇತ್ತು. ಹಿಂದೊಮ್ಮೆ ತಪಾಸಣೆಗೆ ಬಂದವರು 'ಚಿತ್ತುಕಾಟು ಕೂಡದು' ಎಂದು ಷರಾ ಬರೆದು ಹೋದ ಮೇಲೆ ಅದರ ಮೇಲೆ ಯಾರೂ ಪೆನ್ನು ಊರುತ್ತಿರಲಿಲ್ಲ. ಒಂದೇ ಒಂದು ಹೆಸರು ಸೇರಿಸಬೇಕಾದರೂ ಮೊಳೆಯಲ್ಲಿದ್ದ ಹಾಳೆಯನ್ನು ನೋಡಿ ಚೀಟಿಗೆ ಇಳಿಸಿಕೊಂಡು, ಮೇಜಿಗೆ ಹೋಗಿ ಇಡೀ ಹಾಳೆಯನ್ನು ಹೊಸದಾಗಿ ಬರೆದು ತಂದು, ಹಳೆಯದರ ಮೇಲೆ ಚುಚ್ಚಬೇಕು. ಗುಮಾಸ್ತರು ಇಬ್ಬರು: ಬಾಗೂರು ಕಡೆಯವರಿಗೆ ಮೂರ್ತಪ್ಪ, ಮತ್ತೋಡು ಕಡೆಯವರಿಗೆ ಅಬ್ದುಲ್ ರಶೀದ್. ಇಬ್ಬರದೂ ಮುತ್ತು ಪೋಣಿಸಿದಂಥ ಅಕ್ಷರ, ಪೋಣಿಸುವಷ್ಟೇ ನಿಧಾನ.

೧೯೭೬ರ ಜುಲೈನ ಒಂದು ಬುಧವಾರ ಬಾಗೂರಿನ ದುರುಗಕ್ಕ ಬಂದು ಹಾಳೆಯ ಮುಂದೆ ನಿಂತಳು. ಅವಳ ಒಂದು ಎತ್ತು ಕುಂಟುತ್ತಿತ್ತು. ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಇನ್ನೆರಡು ದಿನ ಬಿಟ್ಟರೆ ಆರಿ ಗಟ್ಟಿಯಾಗುವ ನೆಲ. ಶೇಂಗಾ ಬೀಜ ಸುಲಿದಿಟ್ಟಾಗಿತ್ತು. ಸೋಮವಾರ ಮೂರ್ತಪ್ಪ ಗುರುವಾರಕ್ಕೆ ಅವಳ ಹೆಸರು ಬರೆದು ಚುಚ್ಚಿದ್ದನ್ನು ಕಣ್ಣಾರೆ ಕಂಡೇ ಊರಿಗೆ ಹೋಗಿದ್ದಳು. ಈಗ ಗುರುವಾರದ ಎದುರು ಮತ್ತೋಡಿನ ಕರಿಯಣ್ಣನ ಹೆಸರಿತ್ತು.

"ಏನಪ್ಪ ಮೂರ್ತಪ್ಪ, ನನ್ನ ಹೆಸ್ರು ಎತ್ಲಾಗೆ ಹೋತು?"

"ನಾನು ಹೊಡೆದು ಹಾಕಿಲ್ಲ ಕಣಕ್ಕ. ರಶೀದನ್ನ ಕೇಳು."

"ನಾನ್ಯಾಕೆ ಹೊಡೀಲಿ? ನಾನು ನೋಡಿದಾಗ ಗುರುವಾರ ಖಾಲಿ ಇತ್ತು," ಎಂದ ರಶೀದ್.

ಗದ್ದಲ ಕೇಳಿ ಕಾರ್ಯದರ್ಶಿ ಚಿತ್ರಲಿಂಗಪ್ಪ ಹೊರಬಂದರು. ಮೇಜಿನ ಖಾನೆಯಲ್ಲಿ ಸದಾ ಒಂದು ಪತ್ತೇದಾರಿ ಕಾದಂಬರಿ ಇಟ್ಟುಕೊಂಡಿರುತ್ತಿದ್ದ ಅವರು, ಮೇಲಿನ ಹಾಳೆಯನ್ನು ಮೊಳೆಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಒರೆಸಿದ ಗುರುತಿಲ್ಲ, ಹೊಡೆದ ಗೆರೆಯಿಲ್ಲ. ಅಳಿಸಿದವರೇ ಇಲ್ಲದೆ ಹೆಸರು ಅಳಿಸಿಹೋಗಿತ್ತು. ಅವರ ಮುಖದಲ್ಲಿ ತಕ್ಕಮಟ್ಟಿಗೆ ಸಂತೋಷವೇ ಕಾಣಿಸಿತು.

ದುರುಗಕ್ಕನಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮೊಳೆಯಲ್ಲಿ ಉಳಿದಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ಇಲ್ನೋಡ್ರಿ ಸಾಹೇಬ್ರೆ. ಅಡೀಲಿ ಗುರುವಾರ ಖಾಲಿ. ಅದರ ಮ್ಯಾಲೆ ನಾನು. ಈಗ ನಿಮ್ಮ ಕೈಯಾಗಿರೋದ್ರಲ್ಲಿ ಕರಿಯಣ್ಣ. ನನ್ನ ಯಾರೂ ಎಬ್ಬಿಸಿಲ್ಲ, ನನ್ನ ಮ್ಯಾಲೇ ಬಂದು ಕುಂತವ್ನೆ!"

ಚಿತ್ರಲಿಂಗಪ್ಪ ತಿರುಗಿದರು. "ರಶೀದ್, ನೀವು ಚೀಟಿಗೆ ಇಳಿಸ್ಕೊಂಡಿದ್ದು ಯಾವಾಗ?"

"ಮೂರ್ತಪ್ಪ ಆ ಮೇಜಲ್ಲಿ ಬರೀತಿದ್ನಲ್ಲ, ಆಗ್ಲೇ."

ಇಬ್ಬರೂ ಒಂದೇ ಹಾಳೆ ನೋಡಿ ಬರೆದಿದ್ದರು. ಮೂರ್ತಪ್ಪ ಮೊದಲು ಚುಚ್ಚಿದ. ರಶೀದ್ ಆಮೇಲೆ ಬಂದು, ಅಲ್ಲಿರುವುದು ತಾನು ನೋಡಿದ ಹಾಳೆಯೇ ಎಂದುಕೊಂಡು ಅದರ ಮೇಲೆ ಚುಚ್ಚಿದ.

"ಹಂಗಾದ್ರೆ ಇನ್ಮೇಲೆ ಒಬ್ರು ಬರೆಯುವಾಗ ಇನ್ನೊಬ್ರು ಸುಮ್ನೆ ಕುಂತ್ಕಳ್ರಿ," ಎಂದರು ಚಿತ್ರಲಿಂಗಪ್ಪ.

"ಮೂರ್ತಪ್ಪ ನಡುವೆ ಟೀಗೆ ಹೋದ್ರೆ ಮತ್ತೋಡಿನೋರು ಸಂಜೆಗಂಟ ಕಾಯ್ಬೇಕೇನ್ರಿ?" ಎಂದಳು ದುರುಗಕ್ಕ.

ರಶೀದ್ ಕೆಮ್ಮಿದ. "ಹಾಳೆಗೊಂದು ನಂಬರ್ ಹಾಕಾಣ. ಹನ್ನೆರಡನೇ ಹಾಳೆ ನೋಡಿ ಬರ್ದೋನು ಚುಚ್ಚಾಕೆ ಬಂದಾಗ ಮೊಳೇಲಿ ಹನ್ನೆರಡೇ ಇದ್ರೆ, ತನ್ನದು ಹದಿಮೂರು ಅಂತ ಚುಚ್ಚಲಿ. ಅಷ್ಟೊತ್ತಿಗೆ ಬೇರೆಯೋರ ಹದಿಮೂರು ಬಂದು ಕುಂತಿದ್ರೆ, ತನ್ನದು ಹರಿದು, ಅದನ್ನ ನೋಡಿ ಮತ್ತೆ ಬರೀಲಿ."

"ಪೂರಾ ಹಾಳೆನಾ?" ಮೂರ್ತಪ್ಪ ಗಾಬರಿಯಾದ.

"ಪೂರಾ."

"ಭೇಷ್!" ಎಂದಳು ದುರುಗಕ್ಕ. "ಈ ಸಲ ಹರಿಯೋದು ಯಾರ್ದಪ್ಪ?"

ಎಲ್ಲರೂ ರಶೀದನನ್ನೇ ನೋಡಿದರು. ಕೆಂಪು ಶಾಯಿಯಲ್ಲಿ ಗೆರೆ ಎಳೆದ ತನ್ನ ಹಾಳೆಯನ್ನು ಅವನು ಒಮ್ಮೆ ಕಣ್ತುಂಬ ನೋಡಿಕೊಂಡು ಹರಿದ. ದುರುಗಕ್ಕ ಭುಜದ ಹಿಂದೆ ನಿಂತು ಹದಿನಾಲ್ಕು ಹೆಸರನ್ನೂ ಬರೆಸಿದಳು. ಶನಿವಾರ ಖಾಲಿಯಿತ್ತು; ಕರಿಯಣ್ಣನ ಹೆಸರು ಅಲ್ಲಿಗೆ ಹೋಯಿತು. ಮತ್ತೋಡು ಬಸ್ಸಿನ ಕಂಡಕ್ಟರ್ ಕೈಲಿ ಅವನಿಗೆ ಚೀಟಿ ಕಳಿಸಿದರು.

ಗುರುವಾರ ಟ್ರಾಕ್ಟರು ಬಾಗೂರಿಗೆ ಹೋಯಿತು.