ನೋಡಬಹುದು, ಮುಟ್ಟುವಂತಿಲ್ಲ

ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಅವಳಿಗೆ ದೊಡ್ಡಕ್ಕ ಎಂಬ ಹೆಸರು ಮೊದಲ ವಾರವೇ ಅಂಟಿಕೊಂಡಿತು. ಅವಳೂ ಬೇಡವೆನ್ನಲಿಲ್ಲ. ಮನೆಯಲ್ಲಿ ಸೊಸೆ, ಬೀದಿಯಲ್ಲಿ ಗಡಿಯಾರ ರಿಪೇರಿಯವನ ಹೆಂಡತಿ, ವಾಚನಾಲಯದಲ್ಲಿ ‘ರೀ, ಇವರೇ’. ಇಷ್ಟಕ್ಕೆಲ್ಲ ಓಗೊಟ್ಟು ರೂಢಿಯಾದವಳಿಗೆ ಇನ್ನೊಂದು ಹೆಸರು ಭಾರವೇ?

ಆ ವಾಚನಾಲಯದಲ್ಲಿ ಮಧ್ಯಾಹ್ನದ ಹೊತ್ತು ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು ಅವಳ ಕೆಲಸ. ಪುಸ್ತಕದ ಬೆನ್ನು ನೋಡಿದರೆ ಸಾಕು, ಕಾಲು ತಾನಾಗಿ ಸರಿಯಾದ ಕಪಾಟಿನ ಕಡೆ ತಿರುಗುತ್ತಿತ್ತು. ಯಾವುದಾದರೂ ಪುಸ್ತಕ ತನ್ನ ಜಾಗ ಬಿಟ್ಟು ಪಕ್ಕದ ಸಾಲಿನಲ್ಲಿ ಕೂತಿದ್ದರೆ ಅವಳಿಗೆ ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ ಹಾಗೆ. ತೆಗೆದುಹಾಕುವ ತನಕ ಸಮಾಧಾನವಿಲ್ಲ. ಪದವಿಯಿಲ್ಲದೆ ಗ್ರಂಥಪಾಲಕಿಯ ಕುರ್ಚಿ ಸಿಗದೆಂದು ತಿಳಿದ ಮೇಲೆ ಸಂಜೆ ಕೋರ್ಸಿಗೆ ಸೇರಿದಳು. ಈ ವರ್ಷವೇ ಮುಗಿಸಿ ಬಿಸಾಕುತ್ತೇನೆಂದು ಬೀದಿಗೆಲ್ಲ ಸಾರಿಯೂ ಬಿಟ್ಟಿದ್ದಳು.

ಕೊನೆಯ ಪ್ರಾಯೋಗಿಕ ಕೆಲಸವೊಂದು ಉಳಿದಿತ್ತು. ಒಂದು ಆಸ್ಪತ್ರೆಯಲ್ಲಿ ರೋಗಿಗಳು ಓದಲೆಂದು ಇಟ್ಟ ಪುಸ್ತಕಗಳಿಗೆ ಸೂಚಿ ಮಾಡಿಕೊಡಬೇಕು. ಪುಸ್ತಕಗಳ ಫೋಟೋಗಳನ್ನು ಮೇಡಂ ಆನ್‌ಲೈನಿನಲ್ಲಿ ಹಾಕಿಟ್ಟಿದ್ದರು. ಮೂರು ಜನರ ಗುಂಪು ಅವನ್ನು ನೋಡಿ, ಎಲ್ಲರೂ ಒಟ್ಟಿಗೆ ತೆರೆಯಬಹುದಾದ ಒಂದೇ ಶೀಟಿನಲ್ಲಿ, ಅವರವರ ಮನೆಯಿಂದ, ಪುಸ್ತಕದ ಹೆಸರು, ಲೇಖಕರು, ದಾಖಲೆ ಸಂಖ್ಯೆ, ವಿಷಯಕ್ಕೆ ತಕ್ಕ ವರ್ಗ ಸಂಖ್ಯೆ ತುಂಬಬೇಕು. ಇಷ್ಟಾಗಿದ್ದರೆ ಸುಲಭವೇ. ಆದರೆ ಮೇಡಂ ಒಂದು ಷರತ್ತು ಹಾಕಿದರು.

“ಮೂರು ಜನ ಎದುರಿಗೆ ಕೂತು ಮಾತಾಡೋ ಹಾಗಿಲ್ಲ, ಫೋನೂ ಇಲ್ಲ. ಏನಿದ್ರೂ ಶೀಟಲ್ಲೇ ಬರೀರಿ. ನಾಳೆ ನೀವು ಕೆಲಸ ಮಾಡೋ ಕಡೆ ಜೊತೆಯವರ ಮುಖ ನೋಡೋಕೂ ಸಿಗಲ್ಲ. ಯಾರ ಹೆಸರಲ್ಲಿ ಎಷ್ಟು ಕೆಲಸ ಆಗಿದೆ ಅಂತ ಶೀಟೇ ನನಗೆ ಹೇಳುತ್ತೆ. ಕೆಲಸ ಕಾಣದಿದ್ರೆ ಮುಂದಿನ ವರ್ಷ ಮತ್ತೆ ಬನ್ನಿ.”

ದೊಡ್ಡಕ್ಕನಿಗೆ ಬಾಯಿಗೆ ಬಟ್ಟೆ ಕಟ್ಟಿದ ಹಾಗಾಯಿತು. ತರಗತಿಯಲ್ಲಿ ಅವಳ ಮಾತು ಶುರುವಾದರೆ ಪಕ್ಕದ ಕೋಣೆಯವರೂ ಪಾಠ ಕಲಿಯುತ್ತಿದ್ದರು. ಗುಂಪಿನ ಉಳಿದಿಬ್ಬರು ಅದಕ್ಕೆ ತದ್ವಿರುದ್ಧ. ಒಬ್ಬ ಔಷಧಿ ಅಂಗಡಿಯವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾದ ಹಿಂದೆ ಕೂತೇ ಟೈಪು ಮಾಡುವ ನಿಧಾನಸ್ಥ. ಇನ್ನೊಬ್ಬಳು, ಹಾಜರಿ ಕೂಗಿದರೂ ತನಗೇ ಕೇಳಿಸದಂತೆ ಉತ್ತರಿಸುವ ಹುಡುಗಿ. ಅವಳನ್ನು ಎಲ್ಲರೂ ಪಿಸುಮಾತು ಎನ್ನುತ್ತಿದ್ದರು. ಶೀಟು ತಯಾರಿಸಿದವಳು ಅವಳೇ ಆದ್ದರಿಂದ ಅದನ್ನು ಯಾರು ತಿದ್ದಬಹುದೆಂಬ ಬೀಗದ ಕೈ ಅವಳ ಹತ್ತಿರವೇ ಇತ್ತು.

ಮನೆಯ ಮುಂದಿನ ಕೋಣೆಯೇ ಗಂಡನ ಅಂಗಡಿ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ಬಗೆಯುತ್ತಿದ್ದರೆ, ಒಳಗಿನ ಮೇಜಿನ ಮೇಲೆ ದೊಡ್ಡಕ್ಕ ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ಪಕ್ಕದಲ್ಲಿ ಅತ್ತೆ. ಟಿವಿಗಿಂತ ಇದೇ ಚೆನ್ನಾಗಿದೆ ಎಂಬುದು ಅತ್ತೆಯ ತೀರ್ಮಾನ. ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚೌಕ. ಯಾರು ಎಲ್ಲಿ ಟೈಪು ಮಾಡುತ್ತಿದ್ದಾರೋ ಆ ಚೌಕ ಅಲ್ಲಿರುತ್ತಿತ್ತು.

“ಯಾರೇ ಆ ನೇರಳೆ ಬಣ್ಣದವಳು? ಒಂದು ಕಡೆ ನಿಲ್ಲೋದೇ ಇಲ್ಲ,” ಎಂದು ಅತ್ತೆ ಕೇಳುತ್ತಿದ್ದರು. ಅದು ಪಿಸುಮಾತು ಎಂದರೆ ನಂಬುತ್ತಿರಲಿಲ್ಲ. ಹಸಿರು ಚೌಕ ಔಷಧಿ ಅಂಗಡಿಯವನದು. ಅದು ಅರ್ಧ ಗಂಟೆ ಒಂದೇ ಕಡೆ ನಿಂತರೆ, ಗಿರಾಕಿ ಬಂದಿರಬೇಕು ಪಾಪ ಎಂದು ಅತ್ತೆಯೇ ಸಮಾಧಾನ ಹೇಳುತ್ತಿದ್ದರು.

ಒಂದು ಸಂಜೆ ಬಣ್ಣದ ಚೌಕಗಳೆರಡೂ ಇರಲಿಲ್ಲ. ದೊಡ್ಡಕ್ಕ ಶೀಟನ್ನು ಮೇಲಿಂದ ಕೆಳಗೆ ನೋಡಿದಳು. ಹೊಲಿಗೆ ಪುಸ್ತಕದ ಕೆಳಗೆ ನಕ್ಷತ್ರಗಳ ಪುಸ್ತಕ, ಅದರ ಕೆಳಗೆ ಮಕ್ಕಳ ಕಥೆ, ಅದರ ಕೆಳಗೆ ಮೂಳೆಯ ಆರೋಗ್ಯ. ವರ್ಗ ಸಂಖ್ಯೆಗಳು ಸಂತೆಯಲ್ಲಿ ಕೈಬಿಟ್ಟ ಮಕ್ಕಳಂತೆ ದಿಕ್ಕಾಪಾಲಾಗಿದ್ದವು. ಚಪ್ಪಲಿಯೊಳಗಿನ ಕಲ್ಲು ಚುಚ್ಚಿತು. ವರ್ಗ ಸಂಖ್ಯೆಯ ಕಾಲಮ್ಮನ್ನು ಆರಿಸಿ, ಹುಡುಕಿ ಹುಡುಕಿ ಕ್ರಮವಾಗಿ ಜೋಡಿಸುವ ಗುಂಡಿ ಒತ್ತಿದಳು. ಕಂಪ್ಯೂಟರ್ ಏನೋ ಕೇಳಿತು. ಕೆಲಸದ ನಡುವೆ ಬಂದು ಪ್ರಶ್ನೆ ಕೇಳುವ ಗಂಡನಿಗೆ ಹೇಳುವ ಹಾಗೆ ಅದಕ್ಕೂ ‘ಹೂಂ’ ಎಂದಳು. ಕಣ್ಣು ಮಿಟುಕಿಸುವುದರೊಳಗೆ ಸಂಖ್ಯೆಗಳು ಚಿಕ್ಕದರಿಂದ ದೊಡ್ಡದಕ್ಕೆ ಕೈಕಟ್ಟಿ ನಿಂತವು. ದೊಡ್ಡಕ್ಕ ತೃಪ್ತಿಯಿಂದ ಲ್ಯಾಪ್‌ಟಾಪ್ ಮುಚ್ಚಿದಳು.

ಕಪಾಟಿನಲ್ಲಿ ಪುಸ್ತಕವನ್ನು ಸರಿಸಿದರೆ ಅದರ ಬೆನ್ನಿಗಂಟಿದ ಸಂಖ್ಯೆಯೂ ಜೊತೆಗೇ ಬರುತ್ತದೆ. ಶೀಟಿನಲ್ಲಿ ಹಾಗಲ್ಲ. ಸಂಖ್ಯೆಗಳಷ್ಟೇ ಸರಿದಿದ್ದವು, ಪುಸ್ತಕಗಳು ಇದ್ದಲ್ಲೇ ಇದ್ದವು. ಇದು ಅವಳಿಗೆ ಗೊತ್ತಿರಲಿಲ್ಲ. ಉಳಿದಿಬ್ಬರೂ ಮೇಲಿನ ಸಂಖ್ಯೆಗಳನ್ನು ಗಮನಿಸದೆ ಎರಡು ದಿನ ಕೆಳಗೆ ಹೊಸ ಸಾಲುಗಳನ್ನು ಸೇರಿಸುತ್ತ ಹೋದರು.

ಮೂರನೆಯ ದಿನ ಔಷಧಿ ಅಂಗಡಿಯವನು ಕಾಮೆಂಟಿನಲ್ಲಿ ಮೆಲ್ಲಗೆ ಕೇಳಿದ: “ಮಕ್ಕಳ ಕಥೆಗೆ ಮೂತ್ರಪಿಂಡದ ನಂಬರ್ ಇದೆ, ಬೇಕಂತಲೇ ಕೊಟ್ಟಿದ್ದಾ?” ಅದರ ಕೆಳಗೆ ಪಿಸುಮಾತು ಉದ್ದಕ್ಕೆ ಬರೆದಿದ್ದಳು: ಮೇಲಿನ ಇನ್ನೂರು ಪುಸ್ತಕಗಳ ಸಂಖ್ಯೆ ಹಾಳಾಗಿದೆ, ಯಾರು ಮುಟ್ಟಿದ್ದೆಂದು ಶೀಟು ತೋರಿಸುತ್ತಿದೆ, ಹಳೆಯ ರೂಪಕ್ಕೆ ಹಿಂದಿರುಗಿಸಿದರೆ ಎರಡು ದಿನದ ಹೊಸ ಕೆಲಸವೆಲ್ಲ ಹೋಗುತ್ತದೆ, ಹಾಗಾಗಿ ಇನ್ನೂರನ್ನೂ ಫೋಟೋ ನೋಡಿ ಮತ್ತೆ ಬರೆಯಬೇಕು, ಅದನ್ನು ತಾವಿಬ್ಬರೇ ಮಾಡುತ್ತೇವೆ ಎಂದು. ಕೊನೆಗೆ ಒಂದು ಸಾಲು: “ದೊಡ್ಡಕ್ಕ, ಇನ್ನು ನೀವು ನೋಡಬಹುದು, ಕಾಮೆಂಟ್ ಹಾಕಬಹುದು. ಮುಟ್ಟೋ ಹಾಗಿಲ್ಲ.”

ಮಾತಲ್ಲಿ ಇಲಿಯಂತಿದ್ದವಳು ಬರವಣಿಗೆಯಲ್ಲಿ ಹುಲಿಯಾಗಿದ್ದಳು. ದೊಡ್ಡಕ್ಕ ಶೀಟಿನ ಒಂದು ಖಾನೆಯೊಳಗೆ ಟೈಪು ಮಾಡಿ ನೋಡಿದಳು. ಅಕ್ಷರ ಮೂಡಲಿಲ್ಲ. ಒಪ್ಪಿಸಲು ಇನ್ನೊಂದೇ ವಾರ. ಹೀಗೇ ಬಿಟ್ಟರೆ ಅವಳ ಹೆಸರಿನಲ್ಲಿ ಮೇಡಂಗೆ ಕಾಣುವುದು ಅರ್ಧಂಬರ್ಧ ಕೆಲಸ ಮತ್ತು ಒಂದು ಪೂರ್ತಿ ಅನಾಹುತ.

ಗಂಡ ಭೂತಗನ್ನಡಿ ಹಣೆಗೇರಿಸಿ, ಆ ಹುಡುಗಿಗೆ ಒಂದು ಫೋನ್ ಮಾಡಿ ಎರಡು ಒಳ್ಳೆ ಮಾತಾಡಬಾರದೇ ಎಂದ. ಫೋನ್ ಮಾಡಿದರೆ ಮೂವರ ಅಂಕವೂ ಹೋಗುತ್ತದೆಂದು ಅವಳು ಹೇಳಿದಳು.

“ಮತ್ತೇನ್ ಮಾಡ್ತೀಯೇ?”

“ಕೆಡಿಸೋದು ಹೇಗೆ ಅಂತ ಗೊತ್ತಾಯ್ತಲ್ಲ, ಸರಿಮಾಡೋದನ್ನೂ ಕಲೀತೀನಿ. ನಿಮ್ಮ ಫೋನ್ ಕೊಡ್ರಿ, ಅತ್ತೆಗೆ ಬೇಕು.”

ಅವಳು ತನ್ನದೇ ಒಂದು ಶೀಟು ತೆರೆದಳು. ಅಡುಗೆಮನೆಯ ಡಬ್ಬಿಗಳ ಶೀಟು. ಒಂದು ಕಡೆ ಡಬ್ಬಿಯ ಗುರುತು, ಇನ್ನೊಂದು ಕಡೆ ಒಳಗಿರುವ ಸಾಮಾನು. ಗಂಡನ ಫೋನಿನಲ್ಲಿ ಅತ್ತೆಯನ್ನು ಅದಕ್ಕೆ ಸೇರಿಸಿದಳು. ಅತ್ತೆಗೆ ಕಿತ್ತಳೆ ಬಣ್ಣ ಸಿಕ್ಕಿತು. ತನಗೆ ನೇರಳೆ ಬೇಕಿತ್ತೆಂದು ಅವರು ಸ್ವಲ್ಪ ಹೊತ್ತು ಮುನಿಸಿಕೊಂಡು, ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ಶೀಟಿನ ಕೆಳಗಿನ ಸಾಲುಗಳಲ್ಲಿ ಸೇರಿಸತೊಡಗಿದರು. ಅವರು ಮೊದಲ ಅಕ್ಷರ ಹುಡುಕುವಷ್ಟರಲ್ಲೇ ದೊಡ್ಡಕ್ಕ ಬೇಕೆಂದೇ ಸಾಮಾನುಗಳ ಕಾಲಮ್ಮನ್ನು ಮಾತ್ರ ಜೋಡಿಸಿಬಿಟ್ಟಿದ್ದಳು. ಉಪ್ಪು ಸಕ್ಕರೆ ಡಬ್ಬಿಗೆ ಹೋಯಿತು, ಸೋಪಿನ ಪುಡಿ ಅಕ್ಕಿಯ ಡಬ್ಬಿಗೆ. ಹಳೆಯ ರೂಪಗಳನ್ನು ತೋರಿಸುವ ಜಾಗ ಹುಡುಕಿ, ಕೆಡುವುದಕ್ಕೆ ಮುಂಚಿನದನ್ನು ವಾಪಸು ತಂದಳು. ಉಪ್ಪು ಉಪ್ಪಿನ ಡಬ್ಬಿಗೆ ಬಂತು. ಅವಳು ಹಿಗ್ಗುವಷ್ಟರಲ್ಲಿ ಅತ್ತೆ ಫೋನನ್ನು ಅವಳ ಮೂಗಿಗೆ ಹಿಡಿದರು.

“ನಾನು ಬರೆದದ್ದೆಲ್ಲ ಎಲ್ಲೇ ಹೋಯ್ತು? ಕೆಡಿಸಿದ್ದು ನೀನು. ನಿಂದು ಮಾತ್ರ ಸರಿ ಮಾಡ್ಕೋ, ನಂದಕ್ಕೆ ಯಾಕೆ ಕೈ ಹಾಕ್ತೀಯ?”

ದೊಡ್ಡಕ್ಕ ಅತ್ತೆಯ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷದಲ್ಲಿ ಅವರು ಬೈದದ್ದು ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಕೆಟ್ಟದ್ದು ಒಂದು ಕಾಲಮ್ಮು. ಹಾಗಾದರೆ ವಾಪಸು ತರಬೇಕಾದ್ದೂ ಅದೊಂದೇ. ಇಡೀ ಶೀಟನ್ನು ಹಿಂದಕ್ಕೆ ಎಳೆಯದೆ, ಹಳೆಯ ರೂಪದ್ದೊಂದು ನಕಲು ಬೇರೆಯಾಗಿ ತೆಗೆದು, ಆ ಕಾಲಮ್ಮನ್ನಷ್ಟೇ ತಂದು ಈಗಿನ ಶೀಟಿನ ಮೇಲಿಟ್ಟರೆ? ಮತ್ತೆ ಕೆಡಿಸಿ, ಅತ್ತೆಯಿಂದ ಮತ್ತೆ ಡಬ್ಬಿಗಳನ್ನು ಬರೆಸಿ, ಹಾಗೆ ಮಾಡಿ ನೋಡಿದಳು. ಉಪ್ಪೂ ಬಂತು, ಅಟ್ಟದ ಡಬ್ಬಿಗಳೂ ಉಳಿದವು. ನಂಬಿಕೆ ಬರಲೆಂದು ಇನ್ನೆರಡು ಸಲ ಕೆಡಿಸಿದಳು. ಅತ್ತೆಗೆ ಆಟ ರುಚಿಸಿ, ಇನ್ನೊಂದು ಸಲ ಕೆಡಿಸೇ ಎಂದರು.

ಈಗ ಇದನ್ನು ಪಿಸುಮಾತಿಗೆ ಬರೆದು ತಿಳಿಸಬೇಕು. ದೊಡ್ಡಕ್ಕನ ಮೊದಲ ಕಾಮೆಂಟು ಮಾತಿನಂತೆಯೇ ಹರಿಯಿತು: ವಾಚನಾಲಯದಲ್ಲಿ ತಾನು ಎಷ್ಟು ವರ್ಷದಿಂದ ಕಪಾಟು ಜೋಡಿಸುತ್ತಿದ್ದೇನೆ, ತನ್ನ ಉದ್ದೇಶ ಎಷ್ಟು ಒಳ್ಳೆಯದಿತ್ತು, ಕಂಪ್ಯೂಟರ್ ಕೇಳಿದ ಪ್ರಶ್ನೆ ಎಷ್ಟು ಅಡ್ಡಾದಿಡ್ಡಿಯಾಗಿತ್ತು. ಬರೆದು ಓದಿಕೊಂಡಳು. ಔಷಧಿ ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡು ಇದನ್ನು ಓದುವವನ ಪಾಡು ಕಣ್ಣಿಗೆ ಕಟ್ಟಿತು. ಎದುರಿಗೆ ಮನುಷ್ಯರಿದ್ದರೆ ಅವರ ಹುಬ್ಬು ನೋಡಿ ಮಾತು ಮೊಟಕು ಮಾಡಬಹುದು. ಇಲ್ಲಿ ಆ ಹುಬ್ಬನ್ನು ತಾನೇ ಊಹಿಸಿಕೊಳ್ಳಬೇಕು. ಎಲ್ಲವನ್ನೂ ಅಳಿಸಿದಳು. ಉಳಿಸಿದ್ದು ಇಷ್ಟು:

“ಸಂಖ್ಯೆ ಕೆಡಿಸಿದ್ದು ನಾನು. ಮತ್ತೆ ಟೈಪ್ ಮಾಡೋದು ಬೇಡ. ಹಳೇ ರೂಪದ ನಕಲು ತೆಗೆದು, ವರ್ಗ ಸಂಖ್ಯೆಯ ಕಾಲಮ್ ಒಂದನ್ನೇ ತಂದು ಹಾಕಿದ್ರೆ ಸಾಕು, ಹೊಸ ಸಾಲುಗಳು ಹಾಗೇ ಇರ್ತವೆ. ಬೇರೆ ಶೀಟಲ್ಲಿ ಮಾಡಿ ನೋಡಿದೀನಿ, ಲಿಂಕ್ ಕೆಳಗಿದೆ. ನೀವು ಮಾಡಿದ್ರೂ ಸರಿ, ನನಗೆ ಬಿಟ್ರೂ ಸರಿ.”

ಕೆಳಗೆ ಡಬ್ಬಿಗಳ ಶೀಟಿನ ಲಿಂಕು ಹಾಕಿದಳು. ಸ್ವಲ್ಪ ಹೊತ್ತಿಗೆ ಆ ಶೀಟಿನಲ್ಲಿ ನೇರಳೆ ಚೌಕ ಮೂಡಿ, ಉಪ್ಪಿನಿಂದ ಸಕ್ಕರೆಗೆ, ಸಕ್ಕರೆಯಿಂದ ಅಟ್ಟಕ್ಕೆ ಓಡಾಡಿತು. ನಮ್ಮ ಅಡುಗೆಮನೆಗೇ ಬಂದುಬಿಟ್ಟಳಲ್ಲೇ ಅವಳು ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. ಉತ್ತರ ಬಂತು. ಎರಡೇ ಪದ.

“ನೀವೇ ಮಾಡಿ.”

ಅದರ ಹಿಂದೆಯೇ, ಶೀಟನ್ನು ತಿದ್ದುವ ಅನುಮತಿ ಮರಳಿ ಬಂದಿತ್ತು.

ದೊಡ್ಡಕ್ಕ ಹಳೆಯ ರೂಪದ ನಕಲು ತೆಗೆದು, ಸಂಖ್ಯೆಗಳನ್ನು ತಂದಿಟ್ಟಳು. ನೇರಳೆ, ಹಸಿರು ಎರಡೂ ಚೌಕಗಳು ಒಂದು ಮೂಲೆಯಲ್ಲಿ ಅಲುಗದೆ ನಿಂತಿದ್ದವು. ಮೇಲಿನ ಸಾಲುಗಳು ಸರಿಹೋದವು: ಹೊಲಿಗೆಗೆ ಹೊಲಿಗೆಯದು, ನಕ್ಷತ್ರಕ್ಕೆ ನಕ್ಷತ್ರದ್ದು. ಅಷ್ಟಕ್ಕೇ ಹಿಗ್ಗಿ ಮುಚ್ಚಿಬಿಡುವ ದೊಡ್ಡಕ್ಕ ಈಗಿರಲಿಲ್ಲ. ಕೆಳಗಿನವರೆಗೂ ಇಳಿದು ನೋಡಿದಳು. ನಡುವೆ ಒಂದು ಕಡೆಯಿಂದ ಪ್ರತಿ ಪುಸ್ತಕಕ್ಕೂ ಹಿಂದಿನ ಪುಸ್ತಕದ ಸಂಖ್ಯೆ ಬಂದಿತ್ತು. ಆದರೆ ಕೈ ತಡೆದಳು. ಅಂದಾಜಿನ ಮೇಲೆ ಏನನ್ನೂ ಸರಿಸದೆ ಕಾಮೆಂಟಿನಲ್ಲಿ ಕೇಳಿದಳು: “ಈ ಎರಡು ದಿನದಲ್ಲಿ ಇಲ್ಲಿಂದ ಯಾರಾದ್ರೂ ಒಂದು ಸಾಲು ತೆಗೆದಿದ್ದೀರಾ?”

ಹಸಿರು ಚೌಕ ಸ್ವಲ್ಪ ತಡವರಿಸಿತು. ಒಂದೇ ಪುಸ್ತಕ ಎರಡು ಸಲ ಬಂದಿತ್ತು, ಒಂದನ್ನು ತೆಗೆದುಬಿಟ್ಟೆ, ಹೇಳಲು ಮರೆತೆ ಎಂದು ಔಷಧಿ ಅಂಗಡಿಯವನು ಬರೆದ. ದೊಡ್ಡಕ್ಕ ಆಗ ತಂದಿಟ್ಟದ್ದನ್ನು ರದ್ದುಮಾಡಿ, ನಕಲಿನಲ್ಲಿಯೂ ಆ ಸಾಲನ್ನು ತೆಗೆದು, ಕಾಲಮ್ಮನ್ನು ಮತ್ತೆ ತಂದಿಟ್ಟು, ಪುಸ್ತಕಗಳ ದಾಖಲೆ ಸಂಖ್ಯೆಗಳನ್ನು ಎರಡೂ ಕಡೆ ತಾಳೆ ನೋಡುತ್ತ ಕೊನೆಯ ತನಕ ಬಂದಳು. ಈ ಸಲ ಎಲ್ಲವೂ ಕೂತಲ್ಲಿ ಕೂತವು.

ನೇರಳೆ ಚೌಕ ಮೇಲಿಂದ ಕೆಳಗೆ ತಾನೂ ಒಮ್ಮೆ ಇಳಿದು ಪರೀಕ್ಷಿಸಿತು. ಆಮೇಲೆ ಪಿಸುಮಾತು ಬರೆದಳು: “ಸರಿ ಇದೆ. ಯಾರೇ ಆಗಲಿ, ಜೋಡಿಸೋದಿದ್ರೂ ತೆಗೆಯೋದಿದ್ರೂ ಮೊದಲು ಇಲ್ಲಿ ಹೇಳೋಣ. ಉಳಿದ ಫೋಟೋ ಹಂಚಿಕೊಳ್ಳೋಣ. ಪ್ರವಾಸ, ಇತಿಹಾಸ ಯಾರಿಗೆ?”

“ನನಗೆ,” ಎಂದು ದೊಡ್ಡಕ್ಕ ಬರೆದಳು. ಎಷ್ಟು ಚಿಕ್ಕದಾಗಿ ಬರೆದೆನೆಂದು ಅವಳಿಗೇ ನಗು ಬಂತು.

ಮೂರೂ ಚೌಕಗಳು ಒಂದೊಂದು ದಿಕ್ಕಿಗೆ ಹೊರಟವು. ಒಬ್ಬರ ಸಾಲಿಗೆ ಒಬ್ಬರು ಅಡ್ಡ ಬರದೆ, ಪುಸ್ತಕದ ಮೇಲೆ ಪುಸ್ತಕ ಏರತೊಡಗಿತು. ಅತ್ತೆ ಫೋನು ಕೆಳಗಿಟ್ಟು ಒಳಗೆ ಹೋದರು. ಅಂಗಡಿಯ ಬಾಗಿಲೆಳೆದು ಬಂದ ಗಂಡ, ಒಬ್ಬಳೇ ಕೂತು ಎಷ್ಟು ಹೊತ್ತು ಕುಟ್ಟುತ್ತೀಯ, ಎದ್ದು ಬಾ ಎಂದ.

ದೊಡ್ಡಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಒಬ್ಬಳೇ ಎಲ್ಲಿ? ಮೂರು ಜನ ಕೆಲಸದಲ್ಲಿದ್ದೀವಿ. ಸ್ವಲ್ಪ ಮೆಲ್ಲಗೆ ಮಾತಾಡ್ರಿ.”