ಬಾಣಲೆಯಲ್ಲಿ ಹುರಿದ ಮರಳು

೧೯೯೬ರ ಬೇಸಿಗೆ. ಪುಣೆಯ ಸದಾಶಿವ ಪೇಠದ ಇಕ್ಕಟ್ಟಿನ ಓಣಿಯಲ್ಲಿ ಮೂರಂತಸ್ತಿನ ಕಟ್ಟಡ ಏಳುವುದಿತ್ತು. ಪ್ರಯೋಗಕ್ಕೆಂದು ಕಲಸಿ ಅಚ್ಚು ಹಾಕಿದ ಕಾಂಕ್ರೀಟಿನ ಕ್ಯೂಬುಗಳು ಏಳನೆಯ ದಿನದ ಪರೀಕ್ಷೆಯಲ್ಲಿ ಕಡಿಮೆ ಭಾರಕ್ಕೇ ಒಡೆದುಹೋದವು. ಬಲ ಇಷ್ಟೇ ಎಂದಾದರೆ ಕಂಬಗಳನ್ನು ದಪ್ಪ ಮಾಡಬೇಕು, ಆಗ ಮೆಟ್ಟಿಲಿಗೆ ಜಾಗವೇ ಉಳಿಯುವುದಿಲ್ಲ. ಧಾರವಾಡದ ಕಡೆಯ ಇಂಜಿನಿಯರ್ ತ್ರಿವೇಣಿಗೆ ಇದು ಸ್ವಂತ ಹೆಸರಿನ ಮೊದಲ ನಕ್ಷೆ.

“ಸಿಮೆಂಟ್ ಹೆಚ್ಚು ಮಾಡೋಣ್ರಿ, ಕಾಡಪ್ಪ,” ಎಂದಳು.

“ಬ್ಯಾಡ್ರಿ ಮೇಡಂ, ಸಿಮೆಂಟಿಂದು ತಪ್ಪಿಲ್ಲ,” ಎಂದ ಮೇಸ್ತ್ರಿ ಕಾಡಪ್ಪ. ಇಪ್ಪತ್ತು ವರ್ಷ ಕಾಂಕ್ರೀಟು ಕಲಸಿದ ಕೈ ಅವನದು. “ಕಲಸಿದ ಮಾಲು ಅಂಬಲಿ ಹಂಗ ಹರೀತಿತ್ತು. ನಾ ಅಂತೂ ನೀವು ಅಳತಿ ಬರದುಕೊಟ್ಟ ಚೀಟಿಯಷ್ಟ ನೀರು ಹಾಕೀನಿ. ಉಳಿದ ನೀರು ಎಲ್ಲಿಂದ ಬಂತು?”

ಅಷ್ಟರಲ್ಲಿ ಪಕ್ಕದ ಹಳೆಯ ವಾಡೆಯ ಮನೆಯಾಕೆ ಅಂಬಾಬಾಯಿ, ಮರಳಿಗೆ ನೀರು ಹೊಡೆಯೋ ಎಂದು ತಾರಸಿಯಿಂದ ಮರಾಠಿಯಲ್ಲಿ ಕೂಗಿದಳು: “ವಾಳೂವರ್ ಪಾಣೀ ಮಾರ್ ರೇ!” ಅಲ್ಲಿ ಒಣಹಾಕಿದ ಆಕೆಯ ಹಪ್ಪಳದ ಮೇಲೆ ಧೂಳು ಕೂರದಿರಲೆಂದು ದಿನಾ ಬೆಳಿಗ್ಗೆ ಮರಳಿನ ರಾಶಿಗೆ ನೀರು ಹೊಡೆಸುತ್ತಿದ್ದವನು ಕಾಡಪ್ಪನೇ.

“ಕಳ್ಳ ಸಿಕ್ಕಾನ್ರಿ ಮೇಡಂ,” ಎಂದು ನಕ್ಕ. “ನಾನ!”

ಅಂಬಾಬಾಯಿಯಿಂದಲೇ ಸ್ಟೋವ್, ಬಾಣಲೆ ತಂದು ಮರಳಿನಲ್ಲಿ ಎಷ್ಟು ನೀರಿದೆಯೆಂದು ನೋಡಲು ಒಂದು ಕಿಲೋ ತೂಗಿ ಹುರಿಯತೊಡಗಿದ.

“ಒಗ್ಗರಣಿ ಹಾಕ್ರಿ, ಊಟಾನೂ ಆಗ್ತದ,” ಎಂದು ತ್ರಿವೇಣಿ ಛೇಡಿಸಿದಳು.

ಹುರಿದಾದ ಮೇಲೆ ತೂಗಿದರೆ ಅರವತ್ತು ಗ್ರಾಂ ಕಡಿಮೆ. ಚೀಟಿಯ ಲೆಕ್ಕವೋ ಒಣ ಮರಳಿನದು! ತ್ರಿವೇಣಿ ಆ ಲೆಕ್ಕದಲ್ಲಿ ಹಾಕುವ ನೀರು ಕಳೆದು, ಅಷ್ಟೇ ತೂಕದ ಮರಳು ಕೂಡಿಸಿ ಹೊಸ ಚೀಟಿ ಬರೆದಳು.

ಮುಂದಿನ ಕ್ಯೂಬುಗಳು ಗಟ್ಟಿಯಾಗಿ ನಿಂತವು. ಕಂಬ ದಪ್ಪವಾಗಲಿಲ್ಲ. ಮರಳಿಗೆ ನೀರು ಹೊಡೆಯುವುದೂ ನಿಲ್ಲಲಿಲ್ಲ. ಕಾಂಕ್ರೀಟು ಕಲಸುವ ದಿನ ಬೆಳಿಗ್ಗೆ ಕಾಡಪ್ಪ ಅಂದಿನ ಮರಳಿನ ನೀರು ಅಳೆಯಲು ವಾಡೆಗೆ ಹೋಗಿ ಬಾಣಲೆ ಕೇಳುತ್ತಿದ್ದ; ಬಾಣಲೆಯ ಜೊತೆಗೆ ಎರಡು ಹಪ್ಪಳವೂ ಬರುತ್ತಿದ್ದವು.