ಬಟ್ಟೆಯ ನಡುವಿನ ಮಡಿಕೆ

ಬನಹಟ್ಟಿಯಲ್ಲಿ ಫ್ರೆಂಚ್‌ನಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ, ಊರಿಗೊಬ್ಬಳೇ ಪದ್ಮಾವತಿ. ಯಾರ ಮಗಳಿಗೆ ಪರದೇಶದ ಭಾಷೆಯ ಹುಚ್ಚು ಹಿಡಿದರೂ ಅಪ್ಪಂದಿರು ನನ್ನ ಬಾಗಿಲಿಗೇ ಬರುತ್ತಾರೆ. ಹದಿಮೂರು ವರ್ಷದಿಂದ ಅದೇ ಪ್ರಶ್ನೆ, ಅದೇ ಚಹಾ. ನನಗೂ ಸಾಕಾಗಿದೆ.

ಈ ಭಾನುವಾರ ಬಂದವನು ನಮ್ಮ ಓಣಿಯ ನೇಕಾರ ಪ್ರಭುಲಿಂಗಣ್ಣ. ಅವನ ಹಿಂದೆ ಪಿಯುಸಿ ಮುಗಿಸಿದ ಮಗಳು ವಂದನಾ. ಅರ್ಜಿ ಹಾಕಲು ನಾಳೆಯೇ ಕೊನೆಯ ದಿನ. ಅವನ ಕೈಯಲ್ಲಿ ಎರಡು ಕಾಲೇಜುಗಳ ಬಣ್ಣದ ಪುಸ್ತಕಗಳಿದ್ದವು. ಒಂದು ನಾನೇ ಓದಿದ ಕಾಲೇಜು; ಫ್ರೆಂಚ್, ವರ್ಷಕ್ಕೆ ಹದಿನೆಂಟು ಸಾವಿರ. ಇನ್ನೊಂದು ಪುಣೆಯದು, ಸ್ಪ್ಯಾನಿಷ್, ಹಾಸ್ಟೆಲ್ ಸೇರಿ ಒಂದೂವರೆ ಲಕ್ಷ. ಎರಡರಲ್ಲೂ ಟೈ ಕಟ್ಟಿಕೊಂಡು ನಗುವ ಮಕ್ಕಳ ಫೋಟೊ, ಕೆಳಗೆ ದೊಡ್ಡ ದೊಡ್ಡ ಪಗಾರ.

ನಾನು ಫೋಟೊ ತೋರಿಸಹೋದರೆ ಅವನು ಪುಸ್ತಕವನ್ನೇ ಮುಚ್ಚಿದ.

“ಇದು ಮ್ಯಾಲಿನ ಮಡಿಕಿ ಅಕ್ಕಾರ. ಅರಿವಿ ತಗೊಳ್ಳಾಂವ ಮ್ಯಾಲಿಂದು ನೋಡಂಗಿಲ್ಲ, ನಡುವಿಂದು ಬಿಚ್ಚಿ ಬೆಳಕಿಗೆ ಹಿಡೀತಾನ. ನಿಮ್ಮ ಕ್ಲಾಸಿನ್ಯಾಗ ನಡುವಿನವ್ರು ಯಾರಿದ್ರು? ಈಗ ಏನ ಮಾಡಾಕತ್ತಾರ?”

ಮೂವತ್ತೊಂದು ಮಂದಿಯಲ್ಲಿ ಅಂಕದ ಲೆಕ್ಕಕ್ಕೆ ಹದಿನಾರನೆಯವಳು ನಾನೇ.

ಸುಳ್ಳು ಹೇಳಬಹುದಿತ್ತು. ಗ್ಯಾಸ್ ಏಜೆನ್ಸಿಯಲ್ಲಿನ ನನ್ನ ಕೆಲಸ ಸುಮ್ಮನೆ ಹೊತ್ತು ಕಳೆಯಲಿಕ್ಕೆ, ಸಂಜೆ ದೊಡ್ಡ ಕಂಪನಿಗಳಿಗೆ ಅನುವಾದ ಮಾಡುತ್ತೇನೆ ಎಂದೇ ಇಷ್ಟು ವರ್ಷ ಊರನ್ನು ನಂಬಿಸಿದ್ದೆ. ವಂದನಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು.

“ನಡುವಿನಾಕಿ ನಾನ ಅಣ್ಣಾ. ಅನುವಾದ-ಗಿನುವಾದ ಎಲ್ಲಾ ಸುಳ್ಳ. ಸಿಲಿಂಡರ್ ಬುಕಿಂಗ್ ಬರಕೊಂಡು ಹದಿನಾಲ್ಕು ಸಾವಿರ ದುಡೀತೇನಿ. ಅದಕ್ಕ ಫ್ರೆಂಚ್ ಬೇಕಾಗಂಗಿಲ್ಲ.”

ವಂದನಾಳ ಮುಖ ಇಳಿಯಿತು. ಪ್ರಭುಲಿಂಗಣ್ಣ ಮಾತ್ರ ಬೆಚ್ಚಲಿಲ್ಲ. ಬಟ್ಟೆಯಲ್ಲಿ ಎಳೆ ತಪ್ಪಿದ್ದು ಕಂಡರೆ ಬೈಯುವ ಬದಲು ಅದು ಎಲ್ಲಿಂದ ತಪ್ಪಿತು ಎಂದು ಹುಡುಕುವವನು ಅವನು.

“ನಿಮ್ಮ ಆಜೂಬಾಜೂದವ್ರು? ಹದಿನೈದು, ಹದಿನೇಳು?”

“ಒಬ್ಬಾಕಿ ಬೆಳಗಾವ್ಯಾಗ ಸಾಲಿ ಕಲಸ್ತಾಳ. ಇನ್ನೊಬ್ಬಾಂವ ಪಾಂಡಿಚೇರಿಯೊಳಗ ಹೋಟೆಲ್ ಮ್ಯಾನೇಜರ್. ಇಬ್ಬರೂ ಫ್ರೆಂಚಿನ ಮ್ಯಾಲ ಉಣ್ಣಾಕತ್ತಾರ.”

“ಅಂದ್ರ ಕಾಲೇಜ್ ಛಲೋನ ಐತಿ. ಮತ್ತ ನಿಮಗೇನಾತು?”

ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

“ಪಾಸಾದ ತಿಂಗಳಿಗೆ ನನಗೂ ಅದ ಹೋಟೆಲ್‌ನ್ಯಾಗ ನೌಕರಿ ಸಿಕ್ಕಿತ್ತು. ಅಪ್ಪ ಫೋನ್ ಮಾಡಿ, ಕಲ್ತದ್ದು ಸಾಕು, ಮನಿಗೆ ಬಾ ಅಂದ. ಬಂದೆ.”

ಅಪ್ಪ ಸತ್ತು ಆರು ವರ್ಷವಾಯಿತು. ಅವನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ, ಅವನು ಕರೆದಾಗ ಓಡಿ ಬಂದ ನನ್ನ ಮೇಲಿನದೂ ಹೋಗಿಲ್ಲ.

ಪ್ರಭುಲಿಂಗಣ್ಣ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಆಮೇಲೆ ಪುಣೆಯ ಪುಸ್ತಕವನ್ನು ಬದಿಗಿಟ್ಟು, ನನ್ನ ಕಾಲೇಜಿನ ಅರ್ಜಿ ತೆಗೆದು, ಪಾಲಕರು ಎಂದಿದ್ದ ಕಡೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಅರ್ಜಿಯನ್ನು ಮಗಳ ಕೈಗೆ ಕೊಟ್ಟ.

“ಮುಂದ ಒಂದಿನ ನಾನೂ ಹಿಂಗ ಕರೀತೇನಿ ಯವ್ವಾ,” ಎಂದ. “ನೀ ಬರಬ್ಯಾಡ.”